ಅಡುಗೆಮನೆಗೆ ಬಂದ ವಿಷಯಾಂತರ

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತ ಕೂತಿದ್ದೆ. ಅರ್ಧ ಪಾತ್ರೆಯೂ ಆಗಿರಲಿಲ್ಲ, ನಡುಮನೆಯಿಂದ ನಮ್ಮವರ ಕೂಗು ಬಂತು.

“ಲೇ, ಬೇಗ ಬಾ ಇಲ್ಲಿ! ಕೈ ಆಮೇಲೆ ತೊಳ್ಕೋ!”

ದೂರವಾಣಿ ಇಲಾಖೆಯಿಂದ ನಿವೃತ್ತರಾದ ಮೇಲೆ ನಮ್ಮ ಬಡಾವಣೆಯ ಇ-ಮೇಲ್ ಬಳಗವನ್ನು ಇವರೇ ನೋಡಿಕೊಳ್ಳುತ್ತಾರೆ. ಒಬ್ಬರು ಬರೆದದ್ದು ಅಷ್ಟೂ ಮನೆಗಳಿಗೆ ಹೋಗುತ್ತದೆ. ‘ನೀರಿನ ಟ್ಯಾಂಕ್ ಯಾವಾಗ ತೊಳೆಸೋಣ?’ ಎಂದು ಇವರು ಕೇಳಿದರೆ ಒಬ್ಬರು ಅವರೆಕಾಯಿಯ ಸೊಗಡು ಹೊಗಳುತ್ತಾರೆ, ಇನ್ನೊಬ್ಬರು ಮಂಡಿನೋವಿಗೆ ಎಣ್ಣೆ ಹೇಳುತ್ತಾರೆ, ಉಳಿದವರೆಲ್ಲ ಆ ಎಣ್ಣೆಗೆ ಧನ್ಯವಾದ ಬರೆಯುತ್ತಾರೆ. ಎಲ್ಲವೂ ಎಲ್ಲರಿಗೂ! ಟ್ಯಾಂಕ್ ಮಾತ್ರ ಪಾಚಿ ಕಟ್ಟಿಕೊಂಡು ಹಾಗೇ ಇದೆ.

“ಇನ್ಮೇಲೆ ಆ ಆಟ ನಡೆಯೋಲ್ಲ!” ಇವರು ಹಳೇ ರೇಡಿಯೋದಂತಿದ್ದ ಪೆಟ್ಟಿಗೆಯ ಬೆನ್ನು ತಟ್ಟಿದರು. “ವಿಷಯಕ್ಕೆ ಸೇರಿದ ಉತ್ತರ ಎಲ್ಲರಿಗೂ ಹೋಗುತ್ತೆ. ಸೇರದ್ದನ್ನ ನನ್ನ ಯಂತ್ರ ‘ಹರಟೆ’ ಅನ್ನೋ ಬೇರೆ ಬಳಗಕ್ಕೆ ತಿರುಗಿಸುತ್ತೆ!”

“ಅದರಲ್ಲಿ ಯಾರ್ಯಾರಿದಾರೆ?”

“ಸದ್ಯಕ್ಕೆ ನೀನೊಬ್ಬಳೇ. ನಿನಗೆ ಬಿಡುವಿರುತ್ತಲ್ಲ.”

ಅವರೆಸಿಪ್ಪೆ ಅಂಟಿದ ಕೈಯನ್ನು ನೋಡಿಕೊಂಡೆ.

ಪೆಟ್ಟಿಗೆ ಗೊರ್ರೆಂದಿತು. “ಸಿಕ್ತು ನೋಡು ಮೊದಲನೇದು! ಟ್ಯಾಂಕಿನ ವಿಷಯಕ್ಕೆ ಯಾರೋ, ‘ಸಂಜೆ ವಾಕಿಂಗಿಗೆ ನನ್ನ ಜೊತೆ ಯಾರಾದರೂ ಬರ್ತೀರಾ’ ಅಂತ...” ಹೆಸರು ಕಂಡು ಇವರ ಮಾತು ನಿಂತಿತು.

ಅವರೆ ಹಿತುಕಲು ಕೂರುವ ಮೊದಲು ಅದನ್ನು ಬರೆದವಳು ನಾನೇ. ಅದು ಯಾರಿಗೂ ತಲುಪದೆ ನನಗೇ ವಾಪಸ್ ಬಂತು.

ಬರೆದದ್ದೆಲ್ಲ ಮಾಯವಾಗುತ್ತಿದೆ ಎಂದು ಮುಂದಿನ ವಾರ ಬಡಾವಣೆಯವರು ಜಗಳಕ್ಕೇ ಬಂದರು. ಇವರು ಅಷ್ಟೂ ಜನರನ್ನು ನಡುಮನೆಯಲ್ಲಿ ಕೂರಿಸಿ, “ಈಗ ಬಾಯಿಮಾತಿಗೂ ಯಂತ್ರ ಸಿದ್ಧ!” ಎಂದರು. ಪೆಟ್ಟಿಗೆ ಅವರೆದುರಿಗಿತ್ತು. ಹರಟೆ ಬಂದು ಬೀಳಲೆಂದು ಅದರ ಜೊತೆಯ ಪುಟ್ಟ ಡಬ್ಬಿಯನ್ನು ನನ್ನ ಅಡುಗೆಮನೆಯಲ್ಲಿ, ಉಪ್ಪಿನ ಜಾಡಿಯ ಪಕ್ಕ ಇಟ್ಟಿದ್ದರು.

“ಟ್ಯಾಂಕ್ ಯಾವಾಗ ತೊಳೆಸೋಣ?”

ಎದುರುಮನೆಯ ಪಂಕಜಾಕ್ಷಿ ಬಾಯಿ ತೆರೆದದ್ದು ಬಾಗಿಲಿನಿಂದ ನನಗೆ ಕಂಡಿತು. ನಡುಮನೆಯಲ್ಲಿ ಸದ್ದೇ ಇಲ್ಲ! ನನ್ನ ಬೆನ್ನ ಹಿಂದೆ ಡಬ್ಬಿ ಮಾತಾಡಿತು: “ಅಬ್ಬಾ, ಹಿತುಕಿದವರೆ ಸಾರಿನ ವಾಸನೆ ಏನು ಘಮ ಅಂತಿದೆ!”

ಪಕ್ಕದ ಮನೆಯ ಮಾದಪ್ಪನವರು ಎದ್ದು ಕೈ ಬೀಸಿ ಬೈದರು. ಬೈಗುಳವೆಲ್ಲ ನನ್ನ ಒಗ್ಗರಣೆಯ ಮೇಲೆ ಬಿತ್ತು. ದನಿ ಹುಡುಕಿಕೊಂಡು ಅವರು ಒಳಗೇ ಬಂದರು.

“ಏನಮ್ಮಾ, ನನ್ನ ಗಂಟಲು ಇಲ್ಲೇನ್ ಮಾಡ್ತಿದೆ?”

“ಬನ್ನಿ ಕೂತ್ಕೊಳ್ಳಿ. ನಿಮಗಿಂತ ಮೊದಲೇ ಬಂದಿದೆ.”

ಅವರ ಹಿಂದೆಯೇ ಎಲ್ಲರೂ ಬಂದರು. ಅಡುಗೆಮನೆಯಲ್ಲಿ ಆಡಿದ್ದು ಅಲ್ಲಿಯೇ ಕೇಳುತ್ತಿತ್ತಲ್ಲ! ಮಾತಾಡುತ್ತ ಉಳಿದ ಅವರೆಯನ್ನೂ ಹಿತುಕಿದರು. ಮಂಡಿನೋವಿಗೂ ಬೀಗರ ಮುನಿಸಿಗೂ ನಡುವೆ ಯಾರೋ, “ಟ್ಯಾಂಕ್ ಭಾನುವಾರ ತೊಳೆಸ್ಬಿಡೋಣ ಬಿಡಿ” ಎಂದರು. ಎಲ್ಲರೂ ಹೂಂ ಎಂದರು. ಅಷ್ಟೇ! ವಾಕಿಂಗಿನ ಮಾತನ್ನು ಮತ್ತೆ ಎತ್ತಲು ನನಗೆ ಮಾತ್ರ ಬಾಯಿ ಬರಲಿಲ್ಲ.

ಅವರೆಲ್ಲ ಹೋದ ಮೇಲೆ ಇಣುಕಿದೆ. ಪೆಟ್ಟಿಗೆಯ ಮುಂದೆ ಇವರೊಬ್ಬರೇ ಕೂತಿದ್ದರು. ತುಟಿ ಅಲುಗುತ್ತಿತ್ತು. ಉಪ್ಪಿನ ಜಾಡಿಯ ಪಕ್ಕದಿಂದ ಮೆಲ್ಲಗೆ ಕೇಳಿತು:

“ವಾಕಿಂಗಿಗೆ ನನ್ನನ್ನೇ ಕರೀಬಹುದಿತ್ತಲ್ಲ ಇವಳು... ಬರೋಲ್ಲ ಅಂದ್ಕೊಂಡಳೇನೋ.”

ಸ್ವಲ್ಪ ಹೊತ್ತಿಗೆ ಇವರು ಒಳಗೆ ಬಂದರು. “ಎತ್ತಿ ಬಿಸಾಕು ಆ ಡಬ್ಬೀನ! ಅದು ಏನಾದ್ರೂ ಅಂದಿತಾ ಈಗ?”

“ಇಲ್ವಲ್ಲ,” ಎಂದೆ.

ಡಬ್ಬಿಯನ್ನು ಜಾಡಿಯ ಹಿಂದಕ್ಕೆ ಸರಿಸಿದೆ. ಸಂಜೆ ಯಾರನ್ನು ಕರೆಯಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಸಂಜೆಯವರೆಗೆ ಅದನ್ನು ಯಾರಿಗೂ ಹೇಳುವ ಅವಸರವಿರಲಿಲ್ಲ.

ಮದುವೆಯಾದಾಗಿನಿಂದ ಇವರು ವಿಷಯ ಬಿಟ್ಟು ಮಾತಾಡಿದ್ದು ಅದೇ ಮೊದಲು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು.