ಕೇಕು ತಿಂದರೆ ಸಿಗರೇಟು ಸೇದಿದಂಗಾ?

ಆಹಾರ ಸುರಕ್ಷತೆಯ ಅಧಿಕಾರಿಯಾದ ಮೇಲೆ ನನಗೆ ಅರ್ಥವಾಗಿದ್ದು ಇಷ್ಟು. ಹಾಲಿಗೆ ನೀರು ಬೆರೆಸಿದರೆ ಯಾರೂ ಫೋನ್ ಮಾಡುವುದಿಲ್ಲ. ಮೊಬೈಲಿಗೆ ಒಂದು ವಿಡಿಯೋ ಬಂದರೆ ನಾಲ್ಕು ತಾಲ್ಲೂಕಿನಿಂದಲೂ ಮಾಡುತ್ತಾರೆ. ಆ ಸಲದ ವಿಡಿಯೋ ಹೇಳಿದ್ದು, ಕೇಕಿನ ಎಸೆನ್ಸಿನಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವೇ ವೇಪ್ ಎಂಬ ಎಲೆಕ್ಟ್ರಾನಿಕ್ ಸಿಗರೇಟಿನಲ್ಲೂ ಇದೆ ಅಂತ. ನಿಜವೇ. ಆದರೆ ಮಿತಿಯೊಳಗೆ ತಿಂದರೆ ಭಯವಿಲ್ಲ, ಕಾಯಿಸಿ ಶ್ವಾಸಕೋಶಕ್ಕೆ ಎಳೆದುಕೊಳ್ಳುವುದು ಬೇರೆಯೇ ವಿಷಯ. ಅದನ್ನು ಹೇಳುವ ಮೊದಲೇ ವಿಡಿಯೋ ಮುಗಿದುಹೋಗಿತ್ತು.

ಮಧುಗಿರಿ

ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೇಕು ಹೇಳಿದ್ದ ಐ.ಡಿ.ಹಳ್ಳಿಯ ಯಜಮಾನರೊಬ್ಬರು ಅದನ್ನು ಒಯ್ಯಲು ಒಪ್ಪದೆ ಬೇಕರಿ ಬಾಗಿಲಲ್ಲೇ ಕೂತಿದ್ದರು. ಬೇಕರಿಯವನು ನನ್ನನ್ನು ಕರೆಸಿದ. ಎಸೆನ್ಸಿನ ಬಾಟಲಿ ತೋರಿಸಿ, ಒಂದು ಕೇಕಿಗೆ ಬೀಳುವುದು ಕೆಲವೇ ಹನಿ ಎಂದು ವಿವರಿಸಿದೆ. ಯಜಮಾನರು ಬೀಡಿ ಹಚ್ಚಿ ಗಮನವಿಟ್ಟು ಕೇಳಿದರು. ಕೊನೆಗೆ ಹೊಗೆ ಬಿಟ್ಟು, "ಅದೆಲ್ಲ ಸರಿ ಸಾಮಿ, ಸಿಗರೇಟಿನ ಸಾಮಾನು ಮಗೀನ ಹೊಟ್ಟೆಗೆ ಹೋಗೋದು ಬ್ಯಾಡ. ನಮ್ಮನೇಲಿ ಬೀಡಿ ಬುಟ್ರೆ ಬೇರೆ ಕೆಟ್ಟ ಚಟ ಇಲ್ಲ" ಎಂದರು.

ಕೊಳಾಲ

ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿ ಮಹಿಳಾ ಸಂಘದವರು ಕೇಕು ಮಾಡಿ ಮಾರುತ್ತಿದ್ದರು. ವಿಡಿಯೋ ಬಂದಂದಿನಿಂದ ವ್ಯಾಪಾರ ನಿಂತು, ಅಧ್ಯಕ್ಷೆ ನನ್ನ ಮುಂದೆ ಕಣ್ಣೀರಿಟ್ಟರು. ಊರವರನ್ನು ಸೇರಿಸಿ ಗಂಟೆಗಟ್ಟಲೆ ತಿಳಿಹೇಳಿದೆ. "ತಿನ್ನಬಹುದು, ಉಸಿರಲ್ಲಿ ಎಳೆದುಕೊಳ್ಳಬಾರದು" ಅಂತ ಎಲ್ಲರ ಬಾಯಲ್ಲೂ ಹೇಳಿಸಿದೆ. ಧೈರ್ಯ ಬಂದು ಜನ ಕೇಕಿಗೆ ಕೈಚಾಚಿದರು. ಮುಂದೆ ಕೂತಿದ್ದ ಅಜ್ಜಿ ಮಾತ್ರ ಮೂಗು ಬಿಗಿಯಾಗಿ ಹಿಡಿದು ತಿನ್ನುತ್ತಿತ್ತು. ವಾಸನೆ ಬರುತ್ತಿದೆಯಾ ಎಂದು ಕೇಳಿದೆ.

"ನೀನೇ ಯೋಳಿದ್ಯಲ್ಲಪ್ಪ, ಉಸಿರಲ್ಲಿ ಎಳ್ಕೋಬಾರ್ದು ಅಂತ."

ವ್ಯಾಪಾರವೇನೋ ಮತ್ತೆ ಶುರುವಾಯಿತು. ಆ ಕಡೆಯವರು ಸ್ವಲ್ಪ ದಿನ ಮೂಗು ಹಿಡಿದೇ ಕೇಕು ತಿಂದರಂತೆ.

ಪಾವಗಡ

ಇಲ್ಲೊಬ್ಬ ಕಿರಾಣಿ ಅಂಗಡಿಯವನು ಕನ್ನಡ, ತೆಲುಗು ಎರಡರಲ್ಲೂ ಬೋರ್ಡು ಬರೆಸಿದ್ದ: "ಗ್ಲೈಕಾಲ್ ಇಲ್ಲದ ಕಡಲೆಕಾಯಿ, ಹುಣಸೆಹಣ್ಣು, ಉಪ್ಪು ಸಿಗುತ್ತದೆ." ಮುಂದೆ ಜನವೋ ಜನ. ಕಡಲೆಕಾಯಿಯಲ್ಲಿ ಅದು ಯಾವತ್ತೂ ಇರಲಿಲ್ಲವಲ್ಲಯ್ಯ ಎಂದು ಗದರಿದೆ.

"ಇಲ್ಲ ಅಂತಾನೇ ಕದಾ ಸಾರ್ ಬರ್ಸಿರೋದು" ಎಂದ.

ಶಿರಾ

ಶಿರಾದ ಅಂಗಡಿಯೊಂದರಿಂದ ಆಹಾರ ಲೈಸೆನ್ಸಿಗೆ ಅರ್ಜಿ ಬಂತು. ಪದಾರ್ಥ: ಮಾವಿನ ಸ್ವಾದದ ದ್ರವ. ಜ್ಯೂಸಿರಬೇಕು ಎಂದುಕೊಂಡು ಪರಿಶೀಲನೆಗೆ ಹೋದರೆ ಕಪಾಟಿನ ತುಂಬ ವೇಪಿಗೆ ಹಾಕುವ ಬಾಟಲಿಗಳು, ಪಕ್ಕದಲ್ಲಿ ವೇಪುಗಳು. ಮಾರುವುದಕ್ಕೇ ದೇಶದಲ್ಲಿ ನಿಷೇಧವಿದೆ. ಪೊಲೀಸರನ್ನು ಕರೆಸಿದೆ.

ಮಾಲೀಕ ಒಂದಿಷ್ಟೂ ಅಳುಕಲಿಲ್ಲ. ಗ್ಲೈಕಾಲ್ ತಿನ್ನಬಹುದು ಎಂದು ಊರೂರಲ್ಲಿ ಸಾರಿದವರು ಈ ಅಧಿಕಾರಿಯೇ ಎಂದು ಪೊಲೀಸರಿಗೇ ದೂರಿದ. ಈ ಬಾಟಲಿಯಲ್ಲಿ ನಿಕೋಟಿನ್ ಇದೆ, ಹೊಟ್ಟೆಗೆ ಹೋದರೆ ವಿಷ ಎಂದೆ. "ಬಿಲ್ಕುಲ್ ತಿನ್ನೋ ಸಾಮಾನು ಸಾರ್" ಎಂದು ಪಟ್ಟು ಹಿಡಿದ. ಪಂಚನಾಮೆ ಬರೆಯುತ್ತಿದ್ದ ಪೊಲೀಸಪ್ಪ ಅವನ ಮಾತನ್ನೂ ಬರೆದುಕೊಳ್ಳತೊಡಗಿದಾಗ ನನ್ನ ತಾಳ್ಮೆ ಕೆಟ್ಟಿತು.

"ಅಷ್ಟು ನಂಬಿಕೆ ಇದ್ದರೆ ಮಧ್ಯಾಹ್ನ ಮುದ್ದೆಗೆ ಇದನ್ನೇ ಸಾರು ಅಂತ ಬಡಿಸಿಕೊಳ್ತೀರಾ?"

ಅವನು ಬಾಟಲಿ ನೋಡಿದ, ನನ್ನನ್ನು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ.

"ಇವತ್ತು ಶನಿವಾರ ಸಾರ್, ಒಪ್ಪತ್ತು. ಮುದ್ದೆ ಮುಟ್ಟಲ್ಲ."