ಗಣರಾಜ್ಯದ ಮೂಗು

ಫುಲ್ಬೆರ್ ಕೆರ್ವೆಲ್ಲಾ ಮಹಾಶಯನ ದುಃಖವೇನೆಂದರೆ, ಫ್ರಾನ್ಸ್ ದೇಶಕ್ಕೆ ಅವನಿನ್ನೂ ಅರ್ಥವಾಗಿರಲಿಲ್ಲ. ದೇಶದ ಮಾತು ಹಾಗಿರಲಿ, ಮೋ ಪಟ್ಟಣದ ಸಾಕ್ಷ್ಯಚಿತ್ರ ಸಂಘಕ್ಕೇ ಅರ್ಥವಾಗಿರಲಿಲ್ಲ. ಸಂಘದ ವಾರ್ಷಿಕ ಸ್ಪರ್ಧೆಗೆ ಮೊದಲ ವರ್ಷ ಬಸ್ ನಿಲ್ದಾಣದ ಏಕಾಂತದ ಮೇಲೆ ಕಿರುಚಿತ್ರ ಮಾಡಿದ; ಅರ್ಧಕ್ಕೇ ಸಭಿಕರು ಎದ್ದು ಹೋದರು (ಬಸ್ಸಿಗೆ ಹೊತ್ತಾಯಿತಂತೆ). ಮರುವರ್ಷ ಪುರಸಭೆಯ ಮೆಟ್ಟಿಲುಗಳ ಮೇಲೆ ಮಾಡಿದ; ಮೆಟ್ಟಿಲಿಗೆ ಹೊಸ ಬಣ್ಣ ಸಿಕ್ಕಿತು, ಇವನಿಗೆ ಏನೂ ಸಿಗಲಿಲ್ಲ.

"ಈ ಸಲಾನೂ ಬಹುಮಾನ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಮಾರಿಬಿಡೋದು," ಎಂದಳು ಹೆಂಡತಿ ಅರ್ಮೆಲ್. ಪೇಟೆಯಲ್ಲಿ ಅವಳದು ಕನ್ನಡಕದ ಅಂಗಡಿ.

"ಮಾರೋದಾ! ಅದು ಕಲಾವಿದನ ಕಣ್ಣು ಕಣೇ. ಕಣ್ಣು ಕಿತ್ತಂಗೆ!"

"ಕಣ್ಣಿನ ಚಿಂತೆ ನಿನಗ್ಯಾಕೆ ಚಿನ್ನಾ? ನನ್ನಂಗ್ಡೀಲಿ ಏನಾದ್ರೂ ಹೊಂದಿಸ್ತೀನಿ."

ಸಮಾಜ, ರಾಜಕೀಯ, ಕಲೆ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಿತ್ತು ಸಂಘ. ಒಂದೇ? ಫುಲ್ಬೆರ್ ಮೂಗು ಮುರಿದ. ಮೂರನ್ನೂ ಒಂದೇ ಏಟಿಗೆ ಉರುಳಿಸುವ ಯೋಜನೆ ಹಾಕಿದ. ಚಿತ್ರದ ಹೆಸರು 'ಊಟದ ಮೇಜೇ ಗಣರಾಜ್ಯ'. ಭಾನುವಾರ ಅತ್ತೆಯ ಮನೆಯ ಮಧ್ಯಾಹ್ನದೂಟ. ಎಲ್ಲರೂ ಹಂಚಿಕೊಂಡು ತಿನ್ನುವುದು ಸಮಾಜ, ತಿನ್ನುತ್ತ ಜಗಳವಾಡುವುದು ರಾಜಕೀಯ, ಅದರ ಮೇಲೆ ತಾನು ಆಡುವ ಮಾತು ಕಲೆ!

ಕ್ಯಾಮೆರಾ ಅರ್ಮೆಲ್ ಕೈಗೆ ಬಂತು. ನಿರ್ದೇಶಕನಾದವನು ಚಿಂತನೆ ಮಾಡಬೇಕು, ಹಿಡಿದುಕೊಳ್ಳುವ ಕೆಲಸ ಯಾರಾದರೂ ಮಾಡಿಯಾರು ಎಂಬುದು ಅವನ ಸಿದ್ಧಾಂತ.

ಮಾಂಸದ ಪಾತ್ರೆ ಖಾಲಿಯಾಗಿ ಚೀಸಿನ ತಟ್ಟೆ ಬಂತು. ನಡುವೆ ಊರಿನ ಹೆಮ್ಮೆ ಬ್ರೀ, ಮೆತ್ತಗಿನ ತ್ರಿಕೋನ. "ತಗೊಳ್ಳಿ ಅಳಿಯಂದ್ರೇ, ಮೊದಲು ನೀವು," ಎಂದರು ಅತ್ತೆ ಮದಾಮ್ ಪುಲ್ಶೆರಿ. ಫುಲ್ಬೆರ್ ಚಾಕು ಹಿಡಿದು, ಸೂರಿನತ್ತ ನೋಡುತ್ತ ಘೋಷಿಸಿದ:

"ಈ ಮೇಜಿನ ಮುಂದೆ ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಎಲ್ಲರಿಗೂ ಸಮಪಾಲು! ಇದೇ ನಮ್ಮ ಗಣರಾಜ್ಯ!"

ಅತ್ತೆಯ ಗಂಟಲಿನಿಂದ 'ಹಕ್' ಎಂಬ ಸದ್ದು ಹೊರಟಿತು. ಮುದುಕಿ ಗಣರಾಜ್ಯಕ್ಕಾಗಿ ಬಿಕ್ಕಿದಳೆಂದು ತಿಳಿದು ಅವನು ದನಿಯನ್ನು ಇನ್ನೊಂದು ಮೆಟ್ಟಿಲು ಏರಿಸಿದ.

ದೃಶ್ಯಗಳನ್ನು ಜೋಡಿಸುವ ಕೂಲಿಕೆಲಸವೂ ಅರ್ಮೆಲ್‌ಳದ್ದೇ. ಮುಗಿದ ಚಿತ್ರವನ್ನು ಫುಲ್ಬೆರ್ ಕಣ್ಣು ಮುಚ್ಚಿಕೊಂಡು ಪರಿಶೀಲಿಸಿದ. ತನ್ನ ದನಿ ಕೇಳಿ ಅವನಿಗೇ ರೋಮಾಂಚನವಾಯಿತು.

"ಒಂದ್ಸಲ ಕಣ್ಬಿಟ್ಟು ನೋಡೋ."

"ಆತ್ಮ ಇರೋದು ದನೀಲಿ, ಅರ್ಮೆಲ್."

"ನೀನುಂಟು, ನಿನ್ನ ಆತ್ಮ ಉಂಟು."

ಪ್ರದರ್ಶನದ ದಿನ ಚಿತ್ರಮಂದಿರ ತುಂಬಿತ್ತು. ಬಹುಮಾನದ ಭಾಷಣ ಜೇಬಿನಲ್ಲಿಟ್ಟುಕೊಂಡು ಫುಲ್ಬೆರ್ ಮುಂದಿನ ಸಾಲಿನಲ್ಲಿ ಕೂತ. ತೆರೆಯ ಮೇಲೆ 'ಯಾರೂ ಮೊದಲಲ್ಲ' ಎಂದು ಅವನ ದನಿ ಮೊಳಗಿತು. ಕ್ಯಾಮೆರಾ ಮೆಲ್ಲಗೆ ಅವನ ಮುಖದಿಂದ ಕೈಗೆ ಇಳಿಯಿತು. 'ಎಲ್ಲರಿಗೂ ಸಮಪಾಲು' ಎನ್ನುವಷ್ಟರಲ್ಲಿ ಆ ಕೈ ಬ್ರೀಯ ಚೂಪು ತುದಿಯನ್ನು ಅಡ್ಡಡ್ಡ ಕತ್ತರಿಸಿ, ತನ್ನ ತಟ್ಟೆಗೇ ಬಡಿಸಿಕೊಂಡಿತು.

"ಅಯ್ಯಯ್ಯೋ, ಮೂಗು!" ಎಂದು ಯಾರೋ ಚೀರಿದರು.

ಆ ಚೂಪು ತುದಿಗೆ ಮೋ ಪಟ್ಟಣದಲ್ಲಿ ಮೂಗು ಎಂದೇ ಹೆಸರು. ರುಚಿಯೆಲ್ಲ ಅಲ್ಲೇ. ಉದ್ದುದ್ದ ಸೀಳಿದರೆ ಪ್ರತಿಯೊಬ್ಬರ ಪಾಲಿಗೂ ಚೂರು ಮೂಗು ಬರುತ್ತದೆ; ಅಡ್ಡ ಕೊಯ್ದವನಿಗೆ ಈ ಊರಿನಲ್ಲಿ ಹೆಣ್ಣು ಕೊಡುವುದಿಲ್ಲ. (ಕೊಟ್ಟಾಗಿತ್ತು, ಪಾಪ.) ಸಭೆ ಮೂಗಿನ ಮೇಲೆ ಬೆರಳಿಟ್ಟಿತು, ಆಮೇಲೆ ಹೊಟ್ಟೆ ಹಿಡಿದುಕೊಂಡಿತು. ಲಕ್ಷ್ಮಣನ ಎದುರಿನ ಶೂರ್ಪನಖಿಗೂ ಅಷ್ಟು ಅವಮಾನ ಆಗಿರಲಾರದು.

ದೀಪ ಹತ್ತಿತು. ತೀರ್ಪುಗಾರ್ತಿ ಕಣ್ಣೊರೆಸಿಕೊಳ್ಳುತ್ತ ಎದ್ದರು. "ಬಾಯಿ ಸಮಾನತೆ ಬೋಧಿಸ್ತಿದ್ರೆ ಕೈ ಮೂಗು ಕದೀತದೆ! ಇಂಥ ರಾಜಕೀಯ ವಿಡಂಬನೆ ನಾನು ಕಂಡಿಲ್ಲ. ಮಸ್ಯೂ ಕೆರ್ವೆಲ್ಲಾ, ಬೇಕಂತಲೇ ಮಾಡಿದ್ದು ತಾನೆ?"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಫುಲ್ಬೆರ್ ಕೋಟು ಸರಿಪಡಿಸಿಕೊಂಡು, "ಕಲಾವಿದನ ಉದ್ದೇಶ ಯಾವತ್ತೂ..." ಎಂದು ಶುರುವಿಟ್ಟ.

"ಉದ್ದೇಶಾನೂ ಇಲ್ಲ, ಮಣ್ಣೂ ಇಲ್ಲ!" ಹಿಂದಿನ ಸಾಲಿನಿಂದ ಅತ್ತೆಯ ದನಿ. "ಮದುವೆಯಾದಾಗಿಂದ ಅಳಿಯಂದ್ರು ಹೀಗೇ ಕೊಯ್ಯೋದು. ಬ್ರಿತಾನಿ ಕಡೆಯವರು ನೋಡಿ, ಬೆಣ್ಣೆ ಸೀಮೆ. ಚೀಸಿನ ಸಂಸ್ಕಾರ ಎಲ್ಲಿಂದ ಬರ್ಬೇಕು? ಮಗಳ ಮುಖ ನೋಡಿ ಬಾಯಿ ಮುಚ್ಕೊಂಡಿದ್ದೆ."

ತೀರ್ಪುಗಾರ್ತಿ ತುಸು ಯೋಚಿಸಿ ಕೇಳಿದರು: "ಹಾಗಾದ್ರೆ ಕ್ಯಾಮೆರಾನ ಮುಖದಿಂದ ಕೈಗೆ ಇಳಿಸಿದ್ದು ಯಾರು?"

ಬಹುಮಾನ ಅರ್ಮೆಲ್‌ಗೆ ಹೋಯಿತು.

ಮನೆಗೆ ನಡೆಯುವಾಗ ಫುಲ್ಬೆರ್ ಹೆಂಡತಿಯ ಹೆಗಲಲ್ಲಿ ನೇತಾಡುತ್ತಿದ್ದ ಕ್ಯಾಮೆರಾವನ್ನೇ ಓರೆಗಣ್ಣಿನಲ್ಲಿ ನೋಡುತ್ತ ಬಂದ. ಕೊನೆಗೆ ಹೆದರಿ ಹೆದರಿ ಕೇಳಿದ: "ಕ್ಯಾಮೆರಾ?"

"ಮಾರಲ್ಲ. ಮುಂದಿನ ವರ್ಷಕ್ಕೆ ವಿಷಯಾನೂ ಸಿಕ್ಕಿದೆ. ನೀನೇ."

ಅವನ ಎದೆ ಉಬ್ಬಿತು. ಅಂತೂ ದೇಶಕ್ಕೆ ಅವನು ಅರ್ಥವಾಗುವ ಕಾಲ ಬಂದಂತಾಯಿತು. "ನೋಡು, ನಾನು ಕಿಟಕಿ ಪಕ್ಕ ನಿಂತು ಗಣರಾಜ್ಯದ ಭವಿಷ್ಯದ ಬಗ್ಗೆ ಯೋಚಿಸ್ತಿರ್ತೀನಿ. ಬೆಳಕು ಎಡಗಡೆಯಿಂದ ಬರ್ಬೇಕು. ನೀಲಿ ಅಂಗಿ ಹಾಕ್ಲಾ, ಬೂದು ಬಣ್ಣದ್ದಾ?"

"ಇದೇ ಚೆನ್ನಾಗಿದೆ," ಎಂದಳು ಅರ್ಮೆಲ್, ಕ್ಯಾಮೆರಾದ ಹಿಂದಿನಿಂದ. "ನಿಲ್ಲಿಸ್ಬೇಡ ಚಿನ್ನಾ, ಮಾತಾಡ್ತಾ ಇರು."