ಆಡುಸೋಗೆ ರಸದಿಂದ ಹಿರಿಯ ಜವಾನರ ಕೆಮ್ಮು ವಾಸಿಯಾಗಿರುವ ಬಗ್ಗೆ

ಸಂಖ್ಯೆ: ಶಾಖೆ-3/ಕೆಮ್ಮು/ತುರ್ತು/07

ಸುತ್ತೋಲೆ (ಗೋಪ್ಯ)

ವಿಷಯ: ಆಡುಸೋಗೆ ಎಲೆಯ ಔಷಧೀಯ ಬಳಕೆಯಿಂದ ಶಾಖೆಗೆ ಒದಗಿರುವ ಸಂಕಟ.

ಉಲ್ಲೇಖ: 1. ಜವಾನರ ಮೌಖಿಕ ಹೇಳಿಕೆ. 2. ಸೋಮವಾರದ ಅನಾಹುತ.

ಪ್ರಸ್ತಾವನೆ: ಈ ಶಾಖೆಯ ಹಿರಿಯ ಜವಾನರು ಹತ್ತೊಂಬತ್ತು ವರ್ಷಗಳಿಂದ ಸಾಹೇಬರ ಫೈಲು ಹೊತ್ತು, ಅವರ ಮುಂದೆ ಮೆಟ್ಟಿಲು ಹತ್ತುತ್ತಾ, ತಿರುವಿನಲ್ಲಿ ತಪ್ಪದೆ ಕೆಮ್ಮುತ್ತಾ ಬಂದಿರುತ್ತಾರೆ. ಆ ಕೆಮ್ಮು ಕೇಳಿದೊಡನೆ ಮಲಗಿದವರು ಏಳುವುದು, ಉಲ್ಲನ್ ಹೆಣಿಗೆ ಡ್ರಾಯರ್ ಸೇರುವುದು, ಸಕಲರೂ ಫೈಲಿನಲ್ಲಿ ಮುಳುಗುವುದು ಶಾಖೆಯ ರೂಢಿಯಾಗಿರುತ್ತದೆ. ಆದರೆ ಮೂರು ವಾರಗಳಿಂದ ಸದರಿಯವರು ಆಡುಸೋಗೆ ಎಲೆಯ ರಸವನ್ನು ಜೇನುತುಪ್ಪದಲ್ಲಿ ಕಲಸಿ ಸೇವಿಸಿದ್ದರಿಂದ ಕಫ ಕರಗಿ, ಉಸಿರಾಟ ಸಲೀಸಾಗಿ, ಕೆಮ್ಮು ಹೇಳಹೆಸರಿಲ್ಲದಂತಾಗಿದೆ. ಪರಿಣಾಮವಾಗಿ ಸೋಮವಾರ ಸಾಹೇಬರು ಸದ್ದಿಲ್ಲದೆ ಒಳಬಂದು, ರವಾನೆ ಗುಮಾಸ್ತರ ಗೊರಕೆಯನ್ನು ಪೂರ್ತಿ ನಾಲ್ಕು ನಿಮಿಷ ನಿಂತು ಆಲಿಸಿರುತ್ತಾರೆ. ಶಾಖೆಯ ಮಾನ ಮೂರು ಕಾಸಿಗೆ ಹರಾಜಾಗಿದೆ.

ಆದ್ದರಿಂದ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಸದರಿ ಕೆಮ್ಮು ಜವಾನರ ಸ್ವಂತ ಸ್ವತ್ತಾಗಿರದೆ ಶಾಖೆಯ ಸ್ವತ್ತಾಗಿರುತ್ತದೆ. ಪೂರ್ವಾನುಮತಿ ಇಲ್ಲದೆ ಅದನ್ನು ವಾಸಿ ಮಾಡಿಕೊಳ್ಳತಕ್ಕದ್ದಲ್ಲ.

2. ಸುಳ್ಳು ಕೆಮ್ಮನ್ನಾದರೂ ಕೆಮ್ಮುವಂತೆ ಕೋರಲಾಗಿ, ಜವಾನರು, "ಬರದೇ ಇರೋ ಕೆಮ್ಮನ್ನ ಎಲ್ಲಿಂದ ತರ್ಲಿ ಸಾರ್? ಹತ್ತೊಂಬತ್ತು ವರ್ಷ ಆದ್ಮೇಲೆ ನನ್ನ ಹೆಂಡ್ತಿ ಈಗ ಕಣ್ತುಂಬ ನಿದ್ದೆ ಮಾಡ್ತಿದಾಳೆ" ಎಂದು ಹೇಳಿರುತ್ತಾರೆ. ಇದನ್ನು ಟೈಪ್ ಮಾಡುವಾಗ ಟೈಪಿಸ್ಟ್ ಕಣ್ಣೊರೆಸಿಕೊಂಡಿದ್ದು, ಅವರಿಗೆ ಎಚ್ಚರಿಕೆ ನೀಡಲಾಗಿದೆ.

3. ಜವಾನರ ಬದಲಿಗೆ ಕೆಮ್ಮಲು ರವಾನೆ ಗುಮಾಸ್ತರು ದೊಡ್ಡ ಮನಸ್ಸು ಮಾಡಿ ಮುಂದೆ ಬಂದಿದ್ದರು. ಕೆಮ್ಮಬೇಕಾದ ಹೊತ್ತಿಗೆ ಅವರು ನಿದ್ರಿಸುತ್ತಿದ್ದುದರಿಂದ ಪ್ರಯೋಗವನ್ನು ಕೈಬಿಡಲಾಗಿದೆ.

4. ಸೈಕಲ್ ಸ್ಟ್ಯಾಂಡ್ ಪಕ್ಕದ ಆಡುಸೋಗೆ ಪೊದೆಯನ್ನು ಶಾಖೆಯ ವಶಕ್ಕೆ ಪಡೆದು, ಎಲೆಎಲೆಗೂ ನಂಬರ್ ಹಾಕತಕ್ಕದ್ದು. ತಾನಾಗಿ ಉದುರುವ ಎಲೆಯು ಮೂರು ದಿನದೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು.

5. ಎಲೆ ಕಿತ್ತು, ರಸ ಹಿಂಡಿ, ಪ್ರತಿ ಬೆಳಗ್ಗೆ ಜವಾನರಿಗೆ ಕುಡಿಸುತ್ತಿರುವವರು ಸ್ವತಃ ಸಾಹೇಬರೇ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಇದು ಕನಿಕರವೋ ಕಿತಾಪತಿಯೋ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲದ ಕಾರಣ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ.

6. ಜವಾನರು ನಾಳೆಯಿಂದಲೇ ರಸ ನಿಲ್ಲಿಸಿ, ಹದಿನೈದು ದಿನಗಳೊಳಗೆ ಕೆಮ್ಮನ್ನು ಯಥಾಸ್ಥಿತಿಗೆ ತಂದು ವರದಿ ಮಾಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಅವರ ಆರೋಗ್ಯವನ್ನು ಗಂಭೀರವಾಗಿ ಪರಿಗಣಿಸಲಾಗುವುದು.

ಸಹಿ/-
ಶಾಖಾ ಅಧೀಕ್ಷಕರು

ಪ್ರತಿ:
1. ಎಲ್ಲ ಗುಮಾಸ್ತರಿಗೆ, ಎಚ್ಚರವಿರುವಾಗ.
2. ಪೊದೆಗೆ, ಕಾಂಡಕ್ಕೆ ಕಟ್ಟಲು.
3. ಜವಾನರ ಪತ್ನಿಗೆ. ನಿದ್ದೆಯಲ್ಲಿದ್ದರೆ ಎಬ್ಬಿಸತಕ್ಕದ್ದಲ್ಲ.
4. ಸಾಹೇಬರಿಗೆ: ಪ್ರತಿ ಇಲ್ಲ.

ಷರಾ (ಸಾಹೇಬರ ಹಸಿರು ಶಾಯಿಯಲ್ಲಿ): ಇದು ಟೈಪ್ ಆಗುವಾಗ ಹಿಂದೆಯೇ ನಿಂತು ಪೂರ್ತಿ ಓದಿದ್ದೇನೆ. ಯಾರೂ ಕೆಮ್ಮಲಿಲ್ಲ. ರಸ ಮುಂದುವರಿಯಲಿ.